ನರಸಮ್ಮನ ಲಾಸ್ಟ್ ನೇಮ್

"ವಯಸ್ಸು ಒಂಬೈನೂರ ತೊಂಬತ್ತೊಂಬತ್ತು," ಎನ್ನುತ್ತಾ ಶಿವಾನಿ ಟ್ಯಾಬಿನ ಮೇಲೆ ಒತ್ತಿದಳು. "ನೋಡ್ರೋ, ಒಪ್ಕೊಂಡ್ಬಿಡ್ತು. ನಮಸ್ಕಾರ, ಸಾವಿರ ವರ್ಷದ ಅಜ್ಜಿಯವರೇ."

ಕಂಪ್ಯೂಟರ್ ಲ್ಯಾಬಿನಲ್ಲಿ ಸುತ್ತ ನಿಂತಿದ್ದ ಐದನೇ ಕ್ಲಾಸಿನ ಮಕ್ಕಳು ಗೊಳ್ಳೆಂದು ನಕ್ಕರು. ಗಿರಿರಾಜ್ ಅಂತೂ ಬೆಂಚು ಬಡಿದು ನಕ್ಕ. ನಗದೆ ಇದ್ದವಳು ಮೇಧಾ ಒಬ್ಬಳೇ. ಯಾಕೆಂದರೆ ಆ ಒಗಟಿನ ಗೇಮ್ ಮಾಡಿದವಳು ಅವಳು.

ಶನಿವಾರ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನ. ಬಂದವರೆಲ್ಲ ಟ್ಯಾಬಿನಲ್ಲಿ ಹೆಸರು ಹೇಳಿ, ಒಗಟು ಬಿಡಿಸಿ, ಗೆದ್ದರೆ ಒಂದು ಕಾಗದದ ಕಿರೀಟ ತೊಡಬೇಕು. ಎರಡು ವಾರ ಊಟದ ಬೆಲ್ ಆದ ಕೂಡಲೇ ಮೇಧಾ ಲ್ಯಾಬಿಗೆ ಓಡಿ ಓಡಿ ಅದನ್ನು ಮಾಡಿದ್ದಳು. ಮಾಡಿ ಮುಗಿಸಿ, ಮೊದಲು ಕರೆದದ್ದು ಶಿವಾನಿಯನ್ನೇ. "ನೀನು ಟೆಸ್ಟ್ ಮಾಡ್ಕೊಡೇ. ನಿಮ್ಮಮ್ಮನ ಕೆಲಸಾನೇ ಅಲ್ವಾ ಅದು?"

ಶಿವಾನಿಗೆ ಹುರುಪು ಬಂದುಬಿಟ್ಟಿತ್ತು. ಬಟನ್ ಎರಡು ಸಲ ಒತ್ತಿದಳು, ಗೇಮ್ ನಿಂತುಹೋಯಿತು. ಉತ್ತರ ಒತ್ತದೆ ಸುಮ್ಮನೆ ಕೂತಳು, ಗೇಮ್ ಅವಳಿಗೆ ಹತ್ತು ಮಾರ್ಕು ಕೊಟ್ಟಿತು. ಪ್ರತಿ ಸಲ ಗಿರಿರಾಜ್ "ಇನ್ನೊಂದು, ಇನ್ನೊಂದು" ಎಂದು ಕೂಗಿದ. ಅವನು ಕೂಗಿದಷ್ಟೂ ಶಿವಾನಿಯ ದನಿ ದೊಡ್ಡದಾಯಿತು.

"ಮೇಧಾ, ನಿಂದು ಗೇಮ್ ಅಲ್ಲ ಕಣೇ, ಡಬ್ಬಾ."

ಆಮೇಲೆ ಹೆಸರಿನ ಜಾಗದಲ್ಲಿ ತನ್ನ ಅಜ್ಜಿಯ ಹೆಸರು ಹಾಕಿದಳು. ನರಸಮ್ಮ. ಪಕ್ಕದಲ್ಲಿ ಲಾಸ್ಟ್ ನೇಮ್ ಎಂಬ ಇನ್ನೊಂದು ಖಾನೆ ಇತ್ತು. ಅಜ್ಜಿಗೆ ಅದಿಲ್ಲ. ಖಾಲಿ ಬಿಟ್ಟು ಒತ್ತಿದಳು.

ಪರದೆಯ ತುಂಬ ಕೆಂಪು ಅಕ್ಷರ ಮೂಡಿತು. ನಿಮ್ಮ ಹೆಸರು ತಪ್ಪಾಗಿದೆ. ಸರಿಯಾಗಿ ಹೇಳಿ.

ಶಿವಾನಿಯ ನಗು ಅಲ್ಲೇ ನಿಂತಿತು. "ಮೇಧಾ, ಇಲ್ನೋಡು..."

ಅಷ್ಟರಲ್ಲಿ ಮೇಧಾ ಟ್ಯಾಬ್ ಕಿತ್ತುಕೊಂಡಾಗಿತ್ತು. "ನಾನು ಇಪ್ಪತ್ತು ಸಲ ಆಡಿದೀನಿ. ಒಂದ್ಸಲಾನೂ ಏನೂ ಆಗಿಲ್ಲ. ನಿಂಗೆ ಮಾತ್ರ ಹೇಗೆ ತಪ್ಪು ಸಿಗುತ್ತೆ? ಮೊಸರಲ್ಲಿ ಕಲ್ಲು ಹುಡುಕ್ತೀಯ ನೀನು. ನಿಮ್ಮಮ್ಮನ ಥರಾನೇ."

ಅವಳ ಕಣ್ಣಲ್ಲಿ ನೀರಿತ್ತು. ವ್ಯಾನಿನಲ್ಲಿ ದಿನಾ ಶಿವಾನಿಯ ಪಕ್ಕ ಕೂರುವವಳು ಅವತ್ತು ಹೋಗಿ ಡ್ರೈವರ್ ಬೈರಯ್ಯ ಅಂಕಲ್ ಹಿಂದಿನ ಸೀಟಿನಲ್ಲಿ ಕೂತಳು.

ಹೊಸಹಳ್ಳಿಯ ಮನೆಗೆ ಬಂದರೆ ಅಜ್ಜಿ ಮಂಚದ ಮೇಲೆ ಎರಡು ಸೀರೆ ಹರಡಿಕೊಂಡು ಕೂತಿದ್ದರು.

"ಶಿವೂ, ಶನಿವಾರಕ್ಕೆ ಹಸಿರು ಉಡ್ಲಾ, ನೇರಳೆ ಉಡ್ಲಾ?"

"ನೇರಳೆ," ಎಂದಳು ಶಿವಾನಿ, ಅಜ್ಜಿಯ ಮುಖ ನೋಡದೆ.

ಅಜ್ಜಿ ಬರಲು ಒಪ್ಪಿದ್ದೇ ದೊಡ್ಡ ವಿಷಯ. ಹೋದ ವರ್ಷ ಯಾವುದೋ ಕೌಂಟರಿನಲ್ಲಿ ಫಾರಂ ತುಂಬುವ ಹುಡುಗ "ಲಾಸ್ಟ್ ನೇಮ್ ಏನಜ್ಜಿ?" ಎಂದು ಕೇಳಿದ್ದ. "ನಂಗೆ ಫಸ್ಟು ಲಾಸ್ಟು ಎಲ್ಲಾ ಒಂದೇ ಕಣಪ್ಪ, ನರಸಮ್ಮ," ಎಂದಿದ್ದರು ಅಜ್ಜಿ. ಕ್ಯೂನಲ್ಲಿದ್ದವರು ನಕ್ಕಿದ್ದರು. ಅಜ್ಜಿಯೂ ಅವರ ಜೊತೆ ನಕ್ಕಿದ್ದರು. ಆದರೆ ಅವತ್ತಿನಿಂದ, ಹೆಸರು ಕೇಳುವ ಜಾಗಕ್ಕೆಲ್ಲ "ನೀವೇ ಹೋಗಿಬನ್ನಿ" ಎನ್ನುತ್ತಿದ್ದರು.

ಈಗ ಆ ಕೆಂಪು ಅಕ್ಷರದ ಎದುರು ಅಜ್ಜಿ ನೇರಳೆ ಸೀರೆ ಉಟ್ಟು ನಿಂತಂತೆ ಶಿವಾನಿಗೆ ಕಂಡಿತು. ಮೇಧಾಗೆ ಹೇಳಿದರೆ ಅವಳು ಇನ್ನು ಜನ್ಮದಲ್ಲಿ ಮಾತಾಡುವುದಿಲ್ಲ. ಹೇಳದಿದ್ದರೆ ಅಜ್ಜಿ.

ಊಟದ ಮೇಜಿನ ಮೇಲೆ ಅಮ್ಮ ಚೇತನಾ ಲ್ಯಾಪ್‌ಟಾಪ್, ಮೂರು ಫೋನು, ಒಂದು ಲೋಟ ನೀರು ಇಟ್ಟುಕೊಂಡು ಕೆಲಸದಲ್ಲಿದ್ದಳು. ಫೋನುಗಳಲ್ಲಿದ್ದದ್ದು ಡಾಕ್ಟರ ಹತ್ತಿರ ಹೋಗುವ ಮೊದಲು ಟೈಮ್ ಬುಕ್ ಮಾಡುವ ಆ್ಯಪ್. ಅಮ್ಮನ ಆಫೀಸಿನವರು ಮಾಡುತ್ತಿದ್ದರು. ಅಮ್ಮ ಅದನ್ನು ಟೆಸ್ಟ್ ಮಾಡುತ್ತಿದ್ದಳು.

ಅವಳು ಲೋಟದಲ್ಲಿ ಬೆರಳು ಅದ್ದಿದಳು. ಒದ್ದೆ ಬೆರಳಿನಿಂದ ಫೋನ್ ಒತ್ತಿದಳು.

"ಅಮ್ಮಾ, ಏನ್ ಮಾಡ್ತಿದೀಯ?"

"ನಾನೀಗ ಪಾತ್ರೆ ತೊಳೀತಿದೀನಿ ಅಂದ್ಕೋ. ಮಗೂಗೆ ಜ್ವರ. ಕೈ ಒರೆಸ್ಕೊಳ್ಳೋಕೂ ಪುರುಸೊತ್ತಿಲ್ಲ. ಬಟನ್ ಎರಡು ಸಲ ಒತ್ತಿಹೋಯ್ತು. ಆಗ ಏನಾಗುತ್ತೆ?"

"ಏನಾಯ್ತು?"

"ಎರಡು ಸಲ ಬುಕ್ ಆಯ್ತು. ಇನ್ಯಾರದೋ ಜಾಗ ಹೋಯ್ತು."

ಅಮ್ಮ ಕೂಡಲೇ ಆಫೀಸಿಗೆ ಫೋನ್ ಮಾಡಿದಳು. ಆ್ಯಪ್ ಬರೆದ ನಾಗಭೂಷಣ್ ಅಂಕಲ್ ಅವರ ದನಿ ಸ್ಪೀಕರಿನಲ್ಲಿ ಕೇಳಿತು. "ಚೇತನಾ ಮೇಡಂ, ಒದ್ದೆ ಕೈಯಲ್ಲಿ ಯಾರ್ರೀ ಒತ್ತುತಾರೆ?"

"ನಾನು ಒತ್ತಿದ್ನಲ್ಲ ಸಾರ್."

"ಮೊಸರಲ್ಲಿ ಕಲ್ಲು ಹುಡುಕೋದ್ರಲ್ಲಿ ನಿಮ್ಮನ್ನ ಬಿಟ್ರಿಲ್ಲ ಬಿಡಿ. ಸರಿ, ನೋಡ್ತೀನಿ."

ಅಮ್ಮ ನಕ್ಕು ಫೋನಿಟ್ಟಳು. ಇಟ್ಟ ಮೇಲೂ ಒಂದು ಕ್ಷಣ ಲೋಟದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಿದ್ದಳು. ಶಿವಾನಿ ಅದನ್ನು ನೋಡಿದಳು.

"ನಿಂಗೂ ಹಾಗೇ ಅಂತಾರಾ?"

"ನಿಂಗ್ಯಾರು ಅಂದ್ರು?"

ಶಿವಾನಿ ಎಲ್ಲ ಹೇಳಿದಳು. ಸಾವಿರ ವರ್ಷದ ಅಜ್ಜಿಯ ಭಾಗ ಬಂದಾಗ ಅಮ್ಮನ ತುಟಿ ಬಿರಿಯಿತು. ಡಬ್ಬಾ ಎಂದ ಭಾಗ ಬಂದಾಗ ಮುಚ್ಚಿಕೊಂಡಿತು. ಕೆಂಪು ಅಕ್ಷರದ ಭಾಗ ಬಂದಾಗ ಅವಳು ಒಳಕೋಣೆಯ ಕಡೆ ತಿರುಗಿ ನೋಡಿದಳು. ಅಲ್ಲಿ ಅಜ್ಜಿ ನೇರಳೆ ಸೀರೆ ಮಡಿಸುತ್ತಿದ್ದರು.

"ಮೊಸರಲ್ಲಿ ಕಲ್ಲಿರಲ್ಲ ಅಂತ ಎಲ್ರೂ ಅಂದ್ಕೊಂಡಿರ್ತಾರೆ ಶಿವೂ. ಇದ್ದುಬಿಟ್ರೆ? ಅಜ್ಜಿ ಹಲ್ಲಿಗೆ ಸಿಗೋಕೆ ಮುಂಚೆ ನನ್ನ ಕೈಗೆ ಸಿಗ್ಲಿ ಅಂತ ನಂಗೆ ಸಂಬಳ."

"ಆದ್ರೆ ಮೇಧಾ ಅತ್ಲು."

"ಕಲ್ಲು ತೆಗೆದು ಪಕ್ಕಕ್ಕಿಡಬೇಕು ಕಣೇ. ಮೊಸರಿಗೆ ಹೆಪ್ಪು ಹಾಕಿದವ್ರ ಮೇಲೆ ಎಸೆಯೋದಲ್ಲ."

ಅಮ್ಮ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ತಪ್ಪು ಸಿಕ್ಕಾಗ ಅವಳು ಬರೆಯುವ ಚೀಟಿಯಲ್ಲಿ ಮೂರೇ ಸಾಲು. ಏನು ಮಾಡಿದೆ. ಏನಾಗಬೇಕಿತ್ತು. ಏನಾಯಿತು.

ಶಿವಾನಿ ಕೆಳಗೆ ಹುಡುಕಿದಳು. "ಯಾರು ತಪ್ಪು ಮಾಡಿದ್ದು ಅನ್ನೋ ಲೈನೆಲ್ಲಿ?"

"ಅದಿಲ್ಲ."

"ಯಾಕಿಲ್ಲ?"

"ಅದನ್ನ ಬರೆದ್ರೆ ಉಳಿದ ಮೂರನ್ನ ಯಾರೂ ಓದಲ್ಲ."

ನಾಗಭೂಷಣ್ ಅಂಕಲ್ ಸರಿ ಮಾಡಿದ ಮೇಲೆ ಏನಾಗುತ್ತದೆ ಎಂದು ಶಿವಾನಿ ಕೇಳಿದಳು. ಪಾತ್ರೆ ತೊಳೆಯುವವರು ಒದ್ದೆ ಕೈಯಲ್ಲಿ ಎರಡು ಸಲ ಒತ್ತಿದರೆ?

"ಏನೂ ಆಗಲ್ಲ," ಎಂದಳು ಅಮ್ಮ. "ನಾನು ಚೆನ್ನಾಗಿ ಕೆಲಸ ಮಾಡಿದ್ರೆ ಏನೂ ಆಗಲ್ಲ. ಯಾರಿಗೂ ಗೊತ್ತೂ ಆಗಲ್ಲ." ಹೇಳಿ, ಮತ್ತೆ ಲೋಟದಲ್ಲಿ ಬೆರಳು ಅದ್ದಿದಳು.

ರಫ್ ಬುಕ್ಕಿನ ಹಾಳೆ ಹರಿದು ಶಿವಾನಿ ಬರೆಯಲು ಕೂತಳು. ಮೊದಲ ಸಲ 'ಮೇಧಾ, ನೀನು' ಎಂದು ಶುರು ಮಾಡಿ ಹೊಡೆದು ಹಾಕಿದಳು. ಎರಡನೇ ಸಲವೂ 'ನೀನು' ಬಂತು. ನೀನು ಎಂಬ ಮಾತನ್ನು ಹೊರಗಿಡುವುದು ಲೆಕ್ಕದ ಹೋಂವರ್ಕಿಗಿಂತ ಕಷ್ಟವಾಗಿತ್ತು. ಐದನೇ ಹಾಳೆ ಸರಿಹೋಯಿತು.

ಏನು ಮಾಡಿದೆ: ನರಸಮ್ಮ ಅಂತ ಹಾಕಿದೆ. ಲಾಸ್ಟ್ ನೇಮ್ ಇಲ್ಲ, ಖಾಲಿ ಬಿಟ್ಟೆ.
ಏನಾಗಬೇಕಿತ್ತು: ಒಗಟು ಬರಬೇಕಿತ್ತು.
ಏನಾಯಿತು: ನಿಮ್ಮ ಹೆಸರು ತಪ್ಪು ಅಂತ ಬಂತು.

ಕೆಳಗೆ, ಅಮ್ಮನ ಚೀಟಿಯಲ್ಲಿ ಇಲ್ಲದ ಒಂದು ಸಾಲು ಸೇರಿಸಿದಳು. ಒಗಟು ಸೂಪರ್ ಇದೆ. ಡಬ್ಬಾ ಅಂದಿದ್ದಕ್ಕೆ ಸಾರಿ.

ಶುಕ್ರವಾರ ಬೆಳಗ್ಗೆ ಚೀಟಿ ಮೇಧಾಳ ಪೆನ್ಸಿಲ್ ಬಾಕ್ಸಿಗೆ ಹೋಯಿತು. ಎರಡನೇ ಪೀರಿಯಡ್ಡಿನಲ್ಲಿ ಮೇಧಾ ಅದನ್ನು ಓದಿದಳು. ಮಡಿಸಿದಳು. ಮತ್ತೆ ಬಿಚ್ಚಿ ಓದಿದಳು. ಆದರೆ ಹಿಂದೆ ತಿರುಗಿ ನೋಡಲಿಲ್ಲ. ಸಂಜೆ ವ್ಯಾನಿನಲ್ಲೂ ಅವಳಿರಲಿಲ್ಲ. "ಆ ಮಗು ಲ್ಯಾಬಲ್ಲಿದೆ. ಅವ್ರಪ್ಪ ಬಂದು ಕರ್ಕೊಂಡ್ಹೋಗ್ತಾರಂತೆ," ಎಂದರು ಬೈರಯ್ಯ ಅಂಕಲ್.

ಶನಿವಾರ ಶಾಲೆಯ ಹಾಲಿನ ತುಂಬ ಮಲ್ಲಿಗೆ, ವಿಭೂತಿ, ನೋವಿನ ಎಣ್ಣೆಯ ವಾಸನೆ. ಒಗಟಿನ ಮೇಜಿನ ಮುಂದೆ ಉದ್ದದ ಸಾಲು. ನೇರಳೆ ಸೀರೆಯ ಅಜ್ಜಿ ಶಿವಾನಿಯ ಕೈ ಹಿಡಿದು ನಿಂತಿದ್ದರು. ಅಂಗೈ ಬೆವತಿತ್ತು. ಯಾರ ಅಂಗೈ ಎಂದು ಹೇಳುವುದು ಕಷ್ಟ.

"ಇಲ್ಲೂ ಹೆಸರು ಕೇಳ್ತಾರಾ?" ಎಂದರು ಅಜ್ಜಿ ಮೆಲ್ಲಗೆ.

ಉತ್ತರ ಕೊಡುವಷ್ಟರಲ್ಲಿ ಅವರ ಸರದಿ ಬಂತು. ಮೇಜಿನ ಹಿಂದಿದ್ದ ಮೇಧಾ ಶಿವಾನಿಯನ್ನು ನೋಡಲಿಲ್ಲ. ಟ್ಯಾಬನ್ನು ಅಜ್ಜಿಯ ಕಡೆ ತಿರುಗಿಸಿ, "ಈ ಮೈಕ್ ಒತ್ತಿ ಹೇಳಿ ಅಜ್ಜಿ. ಅದೇ ಬರ್ಕೊಳ್ಳುತ್ತೆ," ಎಂದಳು.

ಪರದೆಯ ಮೇಲೆ ಒಂದೇ ಖಾನೆ ಇತ್ತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ, ನಿಮ್ಮನ್ನು ಏನೆಂದು ಕರೆಯಲಿ?

ಅಜ್ಜಿ ಬಗ್ಗಿ, ಫೋನಿನಲ್ಲಿ ದೂರದವರನ್ನು ಕರೆಯುವಂತೆ ಕೂಗಿದರು. "ನರಸಮ್ಮ."

ಅಕ್ಷರ ಮೂಡಿತು. ಅಜ್ಜಿ ಹಸಿರು ಬಟನ್ ಒತ್ತಿದರು.

ಕೆಂಪು ಬರಲಿಲ್ಲ. ನಮಸ್ಕಾರ ನರಸಮ್ಮ ಅವರೇ, ಎಂದಿತು ಪರದೆ. ಅಜ್ಜಿ ಅದನ್ನು ಒಂದೊಂದೇ ಅಕ್ಷರವಾಗಿ ಓದಿ, "ಅವರೇ ಅಂತೆ ಕಣೇ," ಎಂದು ಸೆರಗು ಸರಿಮಾಡಿಕೊಂಡರು.

ಒಗಟು ಬಂತು. ಮೈಯೆಲ್ಲ ಕಣ್ಣು, ನೋಟ ಮಾತ್ರ ಇಲ್ಲ. ಕೆಳಗೆ ಮೂರು ಚಿತ್ರ. ಸೀತಾಫಲ, ಜರಡಿ, ಕೊಡ. ಅಜ್ಜಿ ಯೋಚನೆಯನ್ನೇ ಮಾಡದೆ ಜರಡಿ ಒತ್ತಿದರು. ತಪ್ಪು ಉತ್ತರ, ಸರಿ ಉತ್ತರ ಸೀತಾಫಲ, ಎಂದಿತು ಪರದೆ.

"ಯಾಕಮ್ಮ ತಪ್ಪು? ಜರಡಿಗೆ ಕಣ್ಣಿಲ್ವಾ?" ಅಜ್ಜಿಯ ದನಿ ಹಾಲಿನ ತುದಿಗೂ ಕೇಳುವಂತಿತ್ತು. "ನಲವತ್ತು ವರ್ಷ ರಾಗಿಹಿಟ್ಟು ಜರಡಿ ಹಿಡ್ದಿದೀನಿ. ಸಣ್ಣ ಕಣ್ಣಿಂದು ಬೇರೆ, ದಪ್ಪ ಕಣ್ಣಿಂದು ಬೇರೆ. ನಿಮ್ಮನೇಲಿ ಕೇಳು ಬೇಕಾದ್ರೆ."

ಸಾಲಿನಲ್ಲಿದ್ದ ಅಜ್ಜಿಯರೆಲ್ಲ ಹೌದೆಂದು ತಲೆಯಾಡಿಸಿದರು. ಮೇಧಾಳ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅವಳ ಅಜ್ಜ ಶಂಭುಲಿಂಗಪ್ಪ, "ಖರೇ ಐತಿ ನೋಡವಾ. ಜರಡಿಗೂ ಕಣ್ಣ ಅಂತಾರ," ಎಂದರು.

ಶಿವಾನಿ ಮೇಧಾಳ ಮುಖ ನೋಡಿದಳು. ಈಗ ಇನ್ನೊಂದು ತಪ್ಪು. ಅದೂ ಇಷ್ಟು ಜನರ ಎದುರಿಗೆ.

ಮೇಧಾ ಅಜ್ಜಿಯನ್ನು ನೋಡಿದಳು, ಶಿವಾನಿಯನ್ನು ನೋಡಿದಳು. ಅವಳ ಮೂಗು ಅರಳತೊಡಗಿತು. ನಗು ತಡೆಯುವಾಗ ಮೇಧಾಳ ಮೂಗು ಹಾಗಾಗುತ್ತದೆ ಎಂದು ಶಿವಾನಿಗೆ ಒಂದನೇ ಕ್ಲಾಸಿನಿಂದ ಗೊತ್ತು.

"ನಿಮ್ಮಜ್ಜೀನೂ ನಿನ್ನ ಥರಾನೇ ಏನೇ?"

"ಹೂಂ. ನಮ್ಮನೇಲಿ ಎಲ್ರೂ ಹಾಗೇ."

ಮೇಧಾ ಮೇಜಿನ ಕೆಳಗಿನಿಂದ ಒಂದು ಹಾಳೆ, ಪೆನ್ಸಿಲ್ ತೆಗೆದು ಶಿವಾನಿಯ ಕಡೆ ತಳ್ಳಿದಳು. "ಬರಿ. ಮೂರು ಲೈನು. ಸಂಜೆ ಇಬ್ರೂ ಸೇರಿ ಸರಿ ಮಾಡೋಣ." ಆಮೇಲೆ ಎದ್ದು, ಅಜ್ಜಿಯ ತಲೆಗೆ ಕಿರೀಟ ತೊಡಿಸಿದಳು. ನೇರಳೆ ಸೀರೆಗೆ ಚಿನ್ನದ ಬಣ್ಣದ ಕಿರೀಟ. ಅಜ್ಜಿ ಅದನ್ನು ಮನೆಗೆ ಹೋಗುವವರೆಗೂ ತೆಗೆಯಲಿಲ್ಲ.

ಮುಂದಿನವರು ಬಂದರು. ರಾಮಯ್ಯ, ಎಂದರು. ಒಗಟು ಬಂತು. ಅವರ ಹಿಂದಿನವರು ಶಾಂತವ್ವ, ಎಂದರು. ಒಗಟು ಬಂತು. ತಮ್ಮ ಹೆಸರು ಇಲ್ಲಿ ಸಿಕ್ಕಿಹಾಕಿಕೊಳ್ಳಬಹುದಿತ್ತು ಎಂದು ಒಬ್ಬರಿಗೂ ಗೊತ್ತಾಗಲಿಲ್ಲ. ಸಾಲು ಸುಮ್ಮನೆ ಮುಂದೆ ಸರಿಯುತ್ತಿತ್ತು.

ಶಿವಾನಿ ತಿರುಗಿ ನೋಡಿದಳು. ಹಾಲಿನ ಬಾಗಿಲ ಬಳಿ ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರೂ ಅಜ್ಜಿಯ ಕಿರೀಟ ನೋಡಿ ನಗುತ್ತಿದ್ದರೆ, ಅವಳ ಕಣ್ಣು ಮಾತ್ರ ಟ್ಯಾಬಿನ ಮೇಲೆ, ಹಸಿರು ಬಟನ್ ಒತ್ತುವ ಒಂದೊಂದು ಬೆರಳಿನ ಮೇಲೆ ಇತ್ತು.

ಶಿವಾನಿ ಹೋಗಿ ಅವಳ ಪಕ್ಕ ಗೋಡೆಗೆ ಒರಗಿದಳು. ಇಬ್ಬರೂ ಏನೂ ಆಗದೆ ಇರುವುದನ್ನು ನೋಡುತ್ತಾ ನಿಂತರು.