ಬದುವಿನ ಮೇಲಿನ ಮಣ್ಣುಂಡೆ

"ನಿಲ್ಸಿ... ಮೊದ್ಲು ಟ್ರ್ಯಾಕ್ಟರ್ ನಿಲ್ಸಿ!"

ಭಾನುಪ್ರಿಯ ಓಡಿಬಂದು ಅಡ್ಡ ನಿಂತಳು. ಅವಳ ಹೊಲದಲ್ಲಿ ಆಗಲೇ ಒಂದು ಲೋಡ್ ಬೂದು ಮಣ್ಣು ಸುರಿದಾಗಿತ್ತು. ಟ್ರ್ಯಾಕ್ಟರ್ ಮೇಲೆ 'ವೇಣು, ಚಾಂಪಿಯನ್ ರೀಫ್ಸ್' ಎಂದು ಬರೆದಿತ್ತು. ಅವಳಿಗೆ ಅಷ್ಟೇ ಸಾಕಾಯಿತು.

"ಸೈನೈಡ್ ದಿಬ್ಬದ ಮಣ್ಣು ತಂದು ನಮ್ಮ ಒಲಕ್ಕೆ ಸುರೀತೀರಾ? ಬೀನ್ಸ್ ಬೆಳ್ಯೋ ಜಾಗಕ್ಕೆ ಇಸ ಆಕ್ತೀರಾ?"

"ಇದು ಪಕ್ಕದೂರಿನ ಕೆರೆ ಗೋಡು ಕಣ್ರೀ, ಹೂಳು ಮಣ್ಣು. ನಿಮ್ಮಜ್ಜಿ ಏಳಿದ್ರು..."

"ನಮ್ಮಜ್ಜಿ ಮುಳಬಾಗಿಲಿಗೆ ಓಗಿ ಎರಡು ದಿನ ಆಯ್ತು. ಸುಳ್ಳು ಬೇಡ. ತುಂಬ್ಕೊಂಡು ಓಗಿ."

ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಮುಚ್ಚಿದರೂ ಅದರ ಸೈನೈಡ್ ದಿಬ್ಬಗಳ ಧೂಳೆಂದರೆ ಬಂಗಾರಪೇಟೆ ಸುತ್ತಿನವರಿಗೆ ಭಯ. ಇವಳಿಗಂತೂ ಇದ್ದದ್ದೇ ಅರ್ಧ ಎಕರೆ ಮರಳು ಭೂಮಿ. ನೀರು ಹಾಯಿಸಿದರೆ ಜರಡಿಗೆ ಸುರಿದಂತೆ ಇಳಿದುಹೋಗುತ್ತಿತ್ತು. "ಈ ಸಲ ಬೀನ್ಸ್ ಬರ್ಲಿಲ್ಲಾಂದ್ರೆ ನೀಲಗಿರಿ ನೆಟ್ಬಿಡ್ತೀನಿ" ಎಂದು ಅಪ್ಪ ಬೈರಪ್ಪ ಗಡುವು ಕೊಟ್ಟಾಗಿತ್ತು.

ವೇಣು ಸುರಿದದ್ದನ್ನೆಲ್ಲ ಸಲಿಕೆಯಲ್ಲಿ ಮತ್ತೆ ತುಂಬಿದ. ಕೊನೆಗೆ ಒಂದು ಹಿಡಿ ಮಣ್ಣಿಗೆ ಬಾಟಲಿ ನೀರು ಹಾಕಿ, ಉಂಡೆ ಕಟ್ಟಿ ಬದುವಿನ ಮೇಲಿಟ್ಟ.

"ಒಣಗಿದ್ಮೇಲೆ ನೋಡಿ. ದಿಬ್ಬದ ಮರಳಾದ್ರೆ ಉದುರೋಗುತ್ತೆ, ಗೋಡಾದ್ರೆ ಗಟ್ಟಿಯಾಗುತ್ತೆ." ನೊಂದ ಕಣ್ಣುಗಳಿಂದ ಅವಳನ್ನೊಮ್ಮೆ ನೋಡಿ ಹೊರಟುಹೋದ.

'ಬೈದಿದ್ದರೂ ಚೆನ್ನಾಗಿತ್ತು... ಹಾಗೆ ಯಾಕೆ ನೋಡಿಬಿಟ್ಟ?' ಎಂದು ರಾತ್ರಿಯೆಲ್ಲ ಅವಳಿಗೆ ಅದೇ ಕಣ್ಣುಗಳ ನೆನಪು. ಆದರೂ ಹಟ. ಉಂಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಎಂಟು ದಿನಕ್ಕೆ ಅಜ್ಜಿ ಅಶ್ವತ್ಥಮ್ಮ ವಾಪಸ್ಸು ಬಂದವಳೇ ಹೊಲಕ್ಕೆ ನಡೆದಳು.

"ಎಲ್ಲೇ ನನ್ನ ಗೋಡು? ಮರಳಿಗೆ ನೀರು ಇಡ್ಕೊಳ್ಳೋ ಗುಣ ಬರ್ಲೀಂತ ಆ ಉಡುಗನ್ನ ಬೇಡ್ಕೊಂಡಿದ್ದೆ."

ಭಾನು ಬದುವಿನತ್ತ ನೋಡಿದಳು. ಉಂಡೆ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ? ಅವಳಿಗೆ ಅಳು ಬಂತು.

ಮರುದಿನವೇ ಮಾರಿಕುಪ್ಪಂ ರೈಲು ಹತ್ತಿದಳು. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಹಳೇ ಲೈನ್ ಮನೆಯ ಮುಂದೆ ವೇಣು ಟ್ರ್ಯಾಕ್ಟರ್ ತೊಳೆಯುತ್ತಿದ್ದ. ಅವಳು ಮಣ್ಣುಂಡೆಯಿದ್ದ ಅಂಗೈ ಚಾಚಿದಳು.

"ಇದು... ಉದುರ್ಲಿಲ್ಲ."

"ಗೊತ್ತಿತ್ತು."

"ಇನ್ನೊಂದ್ಸಲ ಏಳ್ಬೋದಿತ್ತಲ್ವಾ?"

"ನಮ್ಮೂರಿಂದ ಏನ್ ತಂದ್ರೂ ಇಸ ಅಂತಾರೆ. ಕೇಳಿ ಕೇಳಿ ಅಭ್ಯಾಸ ಆಗೈತೆ. ನೀವಂದಿದ್ದು ಮಾತ್ರ... ಯಾಕೋ ನೋವಾಯ್ತು."

"ತಪ್ಪಾಯ್ತು ವೇಣು" ಎಂದಳು ಭಾನು.

ಒಳಗಿನಿಂದ ಅವನ ತಾಯಿ ಸೆಲ್ವಿಯ ದನಿ ಬಂತು. "ಉಳ್ಳ ಕೂಪ್ಡುಡಾ... ಒಳಕ್ಕೆ ಕರಿಯೋ, ಕಾಫಿ ಕುಡೀಲಿ."

ಆ ವಾರವೇ ಆರು ಲೋಡ್ ಗೋಡು ಬಂತು. ಕೊಟ್ಟಿಗೆ ಗೊಬ್ಬರದ ಜೊತೆ ಇಬ್ಬರೂ ಸೇರಿ ಅದನ್ನು ಮರಳಿಗೆ ಬೆರೆಸಿದರು, ಬೀಜ ಬಿತ್ತಿ ಸಸಿಗಳ ಬುಡಕ್ಕೆ ರಾಗಿ ಹುಲ್ಲು ಹೊದಿಸಿದರು. ಎರಡು ತಿಂಗಳಿಗೆ ಬಳ್ಳಿ ತುಂಬ ಬೀನ್ಸ್. ಬೈರಪ್ಪ ಹಸಿ ಕಾಯಿ ಮುರಿದು ಅಗಿಯುತ್ತಾ, "ನೀಲಗಿರಿ ಸಸಿ ಬೇಡಾಂತ ಏಳ್ಬಿಟ್ಟೆ ಕಣಮ್ಮಾ" ಎಂದು ಮನೆ ಕಡೆ ಹೋದ.

ಬದುವಿನ ಮೇಲೆ ಇಬ್ಬರೇ ಉಳಿದರು.

"ಗೋಡು ಆಕಿದ್ದಾಯ್ತು, ಬೆಳೆ ಬಂದಿದ್ದಾಯ್ತು" ಎಂದ ವೇಣು. "ಇನ್ನು ನಾನ್ಯಾಕೆ ಬರ್ಲಿ ಈ ಕಡೆ?"

"ಮರಳು ಭೂಮಿ ಕಣ್ರೀ... ಒಂದ್ಸಲಕ್ಕೆ ಸಾಲಲ್ಲ. ವರ್ಷಾ ವರ್ಷಾ ಆಕ್ಬೇಕು."

"ಎಷ್ಟು ವರ್ಷ?"

ಅವಳು ಬೀನ್ಸ್ ಬುಟ್ಟಿಯನ್ನು ಅವನ ಕೈಗಿಟ್ಟಳು.

"ನಮಗೆ ವಯಸ್ಸಾಗೋವರ್ಗೂ..."