ಫಿಲ್ಟರಿನ ಇನ್ನೊಂದು ಮುಖ

ಊರಿಗೆ ಊರೇ ಕೇಳುತ್ತಿದ್ದಾಗ ಗಾಳಿ ಅಕ್ಕ ಕುಸಿದು ಬಿದ್ದಳು.

ಬೆಟ್ಟದ ಕಾಡಿಗೆ ಬೆಂಕಿ ಬಿದ್ದು ವಾರಗಳಾಗಿದ್ದವು. ಹೊಗೆ ಇಳಿದು ಬಂದು ಬೀದಿಯಲ್ಲೇ ಬಿಡಾರ ಹೂಡಿತ್ತು. ಇವತ್ತು ಗಾಳಿ ಹೇಗಿದೆ, ಶಾಲೆ ಉಂಟೋ ಇಲ್ಲವೋ, ವಯಸ್ಸಾದವರು ಹೊರಗೆ ಕಾಲಿಡಬಹುದೋ ಬಾರದೋ, ಬೆಳಿಗ್ಗೆ ರೇಡಿಯೋದಲ್ಲಿ ಅವಳು ಹೇಳಿದ ಮೇಲೆಯೇ ಜನ ಬಾಗಿಲು ತೆಗೆಯುತ್ತಿದ್ದರು. ಆ ದಿನ, "ಕಿಟಕಿ ಸಂದಿಗೆ ಒದ್ದೆ ಬಟ್ಟೆ..." ಎಂದವಳು ಕೆಮ್ಮಿದಳು. ಮತ್ತೆ ಕೆಮ್ಮಿದಳು. ಆಮೇಲೆ ಕುರ್ಚಿ ಉರುಳಿದ ಸದ್ದು ಕೇಳಿಸಿತು.

ನಾನು ಠಾಣೆಯಲ್ಲಿ ಕೇಳುತ್ತಿದ್ದೆ. ನಾನೂ ಕೆಮ್ಮುತ್ತಲೇ ಕೇಳುತ್ತಿದ್ದೆ ಅನ್ನಿ. ಠಾಣೆಗೆ ಬಂದದ್ದು ಗಾಳಿ ಶುದ್ಧ ಮಾಡುವ ಒಂದೇ ಒಂದು ಯಂತ್ರ. ಅದು ಇನ್‌ಸ್ಪೆಕ್ಟರ್ ಮೇಡಂ ಕೋಣೆ ಸೇರಿತು. ಮೇಡಂ ನನಗಿಂತ ಎಷ್ಟೋ ಚಿಕ್ಕವರು. ಕೂತಿದ್ದದ್ದು ಮಾತ್ರ ನಾನು ಕೂರಬೇಕಿದ್ದ ಕುರ್ಚಿಯಲ್ಲಿ. ನನ್ನ ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಅದು ಹಸೀ ಸುಳ್ಳು.

"ನಡೀರಿ, ರೇಡಿಯೋ ಕಚೇರಿಗೆ" ಎಂದರು ಮೇಡಂ. ಅವರಿಗೆ ಒಂದು ಕೆಮ್ಮೂ ಇರಲಿಲ್ಲ.

*

ನಾವು ಹೋಗುವಷ್ಟರಲ್ಲಿ ಗಾಳಿ ಅಕ್ಕನನ್ನು ಆಸ್ಪತ್ರೆಗೆ ಒಯ್ದಿದ್ದರು. ಹುಟ್ಟಿದಾಗಿನಿಂದ ಉಬ್ಬಸದವಳು. ಉಳಿಯುತ್ತಾಳೋ ಇಲ್ಲವೋ, ಡಾಕ್ಟರಿಗೂ ಗೊತ್ತಿರಲಿಲ್ಲ.

ಸ್ಟುಡಿಯೋ ಚಿಕ್ಕದು. ಒಂದು ಮೇಜು, ಒಂದು ಮೈಕು, ಮೂಲೆಯಲ್ಲಿ ಗಾಳಿ ಯಂತ್ರ.

"ಮೈಕ್ ಆನ್ ಇದ್ದಾಗ ಇದನ್ನ ಹಾಕೋ ಹಾಗಿಲ್ಲ ಮೇಡಂ, ಸದ್ದು ಬರುತ್ತೆ" ಎಂದರು ಮ್ಯಾನೇಜರ್, ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು. "ಅದಕ್ಕೇ ಅವಳು ಬಂದ ತಕ್ಷಣ ಬಾಗಿಲು ಹಾಕಿ ಅರ್ಧ ಗಂಟೆ ಓಡಿಸಿಡ್ತಾಳೆ. ಕೋಣೆ ಗಾಳಿ ಸರಿಹೋದ ಮೇಲೆ ಆರಿಸಿ, ಒಳಗೆ ಕೂತು ಓದೋದು. ಇವತ್ತೂ ಓಡಿಸಿದ್ಲು. ನಾನೇ ನೋಡಿದೀನಿ."

ನಾನು ಯಂತ್ರದ ಮುಂಬಾಗಿಲು ತೆಗೆದೆ. ಫಿಲ್ಟರಿಗೆ ಅಂಗಡಿಯ ಪ್ಲಾಸ್ಟಿಕ್ ಕವರು ಹಾಗೇ ಇತ್ತು! ಯಂತ್ರ ಗುಂಯ್ ಎಂದಿದೆ, ಒಂದು ಚೂರು ಹೊಗೆಯನ್ನೂ ಹಿಡಿದಿಲ್ಲ. ಅವಳು ಅದರ ಸದ್ದನ್ನು ನಂಬಿ ಬೀದಿಯ ಹೊಗೆಯಲ್ಲೇ ಕೂತು ಓದಿದ್ದಳು.

"ಇದನ್ನ ಹಾಕಿದ್ದು ಯಾರು?"

"ಮೆಕ್ಯಾನಿಕ್. ಹೋದ ವಾರ ಎರಡೂ ಸ್ಟುಡಿಯೋಗೆ ಹೊಸ ಫಿಲ್ಟರ್ ಹಾಕಿದ."

ನಾನು ಮೇಡಂ ಮುಖ ನೋಡಿದೆ. ಈ ಸಲ ಗೆದ್ದವನು ನಾನು. ಆ ಖುಷಿಯಲ್ಲಿ ಕೆಮ್ಮೂ ಮರೆತುಹೋಯಿತು.

*

ಮೆಕ್ಯಾನಿಕ್‌ನನ್ನು ಕರೆಸಿದೆ. ಬಂದವನಿಗೆ ಕವರು ತೋರಿಸಿದೆ.

"ಕವರ್ ತೆಗೆದೇ ಹಾಕಿದ್ದು ಸಾರ್. ತಾಯಾಣೆ."

"ಮತ್ತೆ ಇದೇನು, ತಾನಾಗಿ ಸುತ್ಕೊಂಡಿತಾ?"

"ಎರಡೂ ಕವರನ್ನ ಆ ಕಡೆ ಸ್ಟುಡಿಯೋದಲ್ಲಿ ಮಡಚಿಟ್ಟು ಹೋದೆ ಸಾರ್. ನನ್ನ ಕೆಲಸ ನಂಗೆ ಗೊತ್ತಿಲ್ವಾ? ಅಕ್ಕ ಹೇಳಿದ್ ಕೇಳಿಯೇ ನಮ್ಮಮ್ಮನ್ನ ಆಚೆ ಬಿಡೋದು ನಾನು. ಅವರಿಗೆ ಹಿಂಗೆ ಮಾಡ್ತೀನಾ?"

"ಜೈಲಲ್ಲಿ ಕೂತು ಹೇಳುವಂತೆ" ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ನಾನು ಅದನ್ನೂ ತಪ್ಪಿನ ಗುರುತು ಎಂದೇ ಲೆಕ್ಕ ಹಾಕಿದೆ.

ಮೇಡಂ ಆಗಲೇ ಮೇಜಿನ ಕೆಳಗೆ, ಪರದೆಯ ಹಿಂದೆ ಹುಡುಕುತ್ತಿದ್ದರು.

"ಇನ್‌ಹೇಲರ್ ಎಲ್ಲಿ?"

ಅದು ಕಾರಿಡಾರಿನಲ್ಲಿ, ಗಾಳಿ ಅಕ್ಕನ ಕೈಚೀಲದಲ್ಲಿ ಸಿಕ್ಕಿತು. ತಂದುಕೊಟ್ಟವಳು ಚಿಲಿಪಿಲಿ.

ಮಧ್ಯಾಹ್ನದ ಹಾಡಿನ ಕಾರ್ಯಕ್ರಮ ನಡೆಸುವ ಇವಳನ್ನು ಊರು ಕರೆಯುತ್ತಿದ್ದದ್ದೇ ಹಾಗೆ. ಹೊಗೆ ಬರುವ ಮುಂಚೆ ಊರಿನ ಕಣ್ಮಣಿ. ಹೊಗೆ ಬಂದ ಮೇಲೆ ಹಾಡು ಯಾರಿಗೆ ಬೇಕು? ಈಗ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು.

"ಪಾಪ, ಮರೆತು ಹೊರಗೇ ಬಿಟ್ಟಿದಾಳೆ. ಅವಳಂಥ ಧ್ವನಿ ಈ ಕಚೇರಿಲೇ ಯಾರಿಗೂ ಇಲ್ಲ ಸಾರ್. ಜನ ಅವಳನ್ನ ದೇವರ ಥರ ನೋಡ್ತಾರೆ. ಮೊನ್ನೆ ಹೂವು ಕಳಿಸಿದ್ರು, ಅಂಗಡಿಯವನು ತೊಗೊಂಡಿದ್ದಕ್ಕೆ ದುಡ್ಡೇ ಬೇಡ ಅಂದ. ನಮಗೆಲ್ಲ ಎಷ್ಟು ಹೆಮ್ಮೆ ಗೊತ್ತಾ?"

ಯಾರು ಹೂವು ಕಳಿಸಿದರು, ಯಾರು ದುಡ್ಡು ಬೇಡವೆಂದರು ಎಂದು ಇಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳುವವರು ಯಾರು? ನನಗೆ ಗೊತ್ತು. ಮೇಡಂಗೆ ಸಿಕ್ಕ ಒಂದೊಂದು ಶಾಲೂ, ಒಂದೊಂದು ಹಾರವೂ ನನಗೆ ಬಾಯಿಪಾಠ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ನನಗೆ ಮೆಕ್ಯಾನಿಕ್ಕೇ ಬೇಕಾಗಿದ್ದ.

*

"ಅದನ್ನ ತಿರುಗಿಸಿ" ಎಂದರು ಮೇಡಂ.

"ಏನನ್ನು?"

"ಫಿಲ್ಟರನ್ನ. ಕವರ್ ತೆಗೀಬೇಡಿ."

ತಿರುಗಿಸಿದೆ. ನನಗೆ ಕಂಡಿದ್ದ ಮುಖ ಬೆಳ್ಳಗೆ ಹೊಸದರಂತಿತ್ತು. ಗಾಳಿ ಎಳೆದುಕೊಳ್ಳುವ ಹಿಂದಿನ ಮುಖ ಕಾವಲಿಯ ತಳದಂತೆ ಕರ್ರಗಿತ್ತು.

"ಕವರೊಳಗೇ ಇದ್ದ ಫಿಲ್ಟರ್ ಹೊಗೆ ಹೇಗೆ ಕುಡೀತು?" ಮೇಡಂ ಕೇಳಿದರು. "ಅಂದ್ರೆ ಇಷ್ಟು ದಿನ ಕವರ್ ಇಲ್ಲದೇ ಕೆಲಸ ಮಾಡಿದೆ. ಆಮೇಲೆ ಯಾರೋ ಹೊರಗೆ ತೆಗೆದು, ಕವರ್ ತೊಡಿಸಿ, ವಾಪಸ್ ಇಟ್ಟಿದಾರೆ. ಮೆಕ್ಯಾನಿಕ್ ಮೇಲೆ ಬರಲಿ ಅಂತ."

ನನ್ನ ಗೆಲುವು ಠುಸ್ಸೆಂದಿತು.

"ಅವಳು ಬಿದ್ದ ಮೇಲೆ ಓದಿದ್ದು ಯಾರು?" ಎಂದರು ಮೇಡಂ.

"ನಾನೇ" ಎಂದಳು ಚಿಲಿಪಿಲಿ. "ಜನ ಕಾಯ್ತಿರ್ತಾರಲ್ಲ. ಓಡಿಹೋಗಿ ಆ ಕಡೆ ಸ್ಟುಡಿಯೋದಿಂದ ಓದಿದೆ."

ಮೇಡಂ ರೆಕಾರ್ಡಿಂಗ್ ಹಾಕಿಸಿದರು. ಜೇನಿನಂಥ ಧ್ವನಿ. ಗಾಳಿಯ ಸುದ್ದಿ ಅಷ್ಟೂ ಓದಿದ್ದಳು. ಇಡೀ ಕಟ್ಟಡ ಕೆಮ್ಮುತ್ತಿದ್ದ ಬೆಳಿಗ್ಗೆ, ಅವಳು ಒಮ್ಮೆಯೂ ಗಂಟಲು ಸರಿಮಾಡಿಕೊಂಡಿರಲಿಲ್ಲ.

"ಚೆನ್ನಾಗಿ ಓದಿದೀರಿ. ಆ ಕೋಣೆ ಗಾಳಿ ಚೆನ್ನಾಗಿತ್ತಾ?"

"ಹೂಂ, ಅಲ್ಲೂ ಮೊದಲೇ ಯಂತ್ರ ಓಡಿತ್ತಲ್ಲ..."

"ಮುಚ್ಚಿದ ಕೋಣೇಲಿ ಅರ್ಧ ಗಂಟೆ ಓಡಬೇಕು ಅಂದ್ರು ಮ್ಯಾನೇಜರ್. ಅಲ್ಲಿ ಕಾರ್ಯಕ್ರಮ ಇರೋದು ಮಧ್ಯಾಹ್ನ. ಬೆಳಿಗ್ಗೆಬೆಳಿಗ್ಗೆ ಯಾರಿಗೋಸ್ಕರ ಓಡಿಸಿಟ್ರಿ? ಇವತ್ತು ನೀವೇ ಓದಬೇಕಾಗುತ್ತೆ ಅಂತ ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?"

ಚಿಲಿಪಿಲಿ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದಳು. ಮೆಕ್ಯಾನಿಕ್ ಗೋಡೆಗೊರಗಿ ಅಲ್ಲೇ ಕೂತ.

"ಸಾಯಲಿ ಅಂತ ಮಾಡಿದ್ದಲ್ಲ" ಎಂದಳು ಕೊನೆಗೆ. "ಒಂದು ದಿನ ಎಲ್ಲರ ಮುಂದೆ ಅವಳ ಗಂಟಲು ಕಟ್ಟಲಿ, ಅಷ್ಟೇ. ಅವಳದು ಒಂದು ಧ್ವನಿಯಾ? ಒಡಕು ಮಡಕೆ! ನಾನು ಹದಿನೈದು ವರ್ಷ ಹಾಡಿ ನಗಿಸಿದ ಜನ, ಹೊಗೆ ಬಂದ ಕೂಡಲೇ ಅವಳ ಹಿಂದೆ ಹೋದ್ರು. ರಸ್ತೆಲಿ ನನ್ನನ್ನೇ ನಿಲ್ಲಿಸಿ ಕೇಳ್ತಾರೆ, ಗಾಳಿ ಅಕ್ಕ ಹೇಗಿದಾರೆ ಅಂತ!"

"ಮತ್ತೆ ಇನ್‌ಹೇಲರ್ ಇದ್ದ ಚೀಲವನ್ನ ಯಾಕೆ ಹೊರಗಿಟ್ರಿ?"

ಅವಳು ನನ್ನ ಕಡೆ ನೋಡಿದಳು. ಅಷ್ಟು ಜನರಲ್ಲಿ ನನ್ನನ್ನೇ ಯಾಕೆ ನೋಡಿದಳೋ. ನಾನು ತಲೆ ತಗ್ಗಿಸಿದೆ.

*

ಗಾಳಿ ಅಕ್ಕ ಉಳಿದಳು. ಸಂಜೆ ಆಸ್ಪತ್ರೆಗೆ ಹೋದಾಗ ಆಮ್ಲಜನಕದ ಮಾಸ್ಕ್ ಸರಿಸಿ ಮೊದಲು ಕೇಳಿದ್ದು ಇಷ್ಟು: "ಚಿಲಿಪಿಲಿ ಓದಿದ್ಲಂತೆ. ಚೆನ್ನಾಗಿ ಓದಿದ್ಲಾ?"

ಚೆನ್ನಾಗಿ ಓದಿದಳು ಎಂದೆ. ಉಳಿದದ್ದನ್ನು ಮೇಡಂ ಹೇಳಲಿ ಎಂದು ಹೊರಗೆ ಬಂದೆ.

ಬಾಗಿಲಲ್ಲಿ ಪತ್ರಿಕೆಯವರು ಮುತ್ತಿಕೊಂಡರು. "ಕವರ್ ಕಂಡುಹಿಡಿದಿದ್ದು ಇವರು" ಎಂದು ಮೇಡಂ ನನ್ನನ್ನು ಮುಂದೆ ತಳ್ಳಿದರು. ಕೊಟ್ಟ ಹೊಗಳಿಕೆಯೂ ಮೈಯೆಲ್ಲ ಉರಿಸಿತು, ನೋಡಿ.

ಮಾರನೆಯ ದಿನ ಮೇಡಂ ಕೋಣೆಯ ಯಂತ್ರಕ್ಕೆ ಹೊಸ ಫಿಲ್ಟರ್ ಬಂತು.

"ಸ್ವಲ್ಪ ಹಾಕಿಬಿಡ್ತೀರಾ? ಹಾಗೇ ಯಂತ್ರವನ್ನ ಹೊರಗಿನ ಹಾಲ್‌ಗೆ ಇಡಿಸಿ. ನಿಮ್ಮ ಕೆಮ್ಮು ಕೇಳೋಕಾಗಲ್ಲ" ಎಂದು ಹೇಳಿ ಮೇಡಂ ಜೀಪು ಹತ್ತಿದರು.

ಕೋಣೆಯಲ್ಲಿ ನಾನೊಬ್ಬನೇ. ಕವರು ತೆಗೆದೆ. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಅದನ್ನು ಉದ್ದಕ್ಕೆ ಹರಿದು, ಇನ್ನೊಮ್ಮೆ ಅಡ್ಡಕ್ಕೆ ಹರಿದು, ಬುಟ್ಟಿಗೆ ಹಾಕಿದೆ.