ಎರಡು ನಾಲ್ಕರ ಬಳೆ

"ಸೈನ್ ಔಟ್ ಮಾಡಿ ಹೋಗ್ರಿ, ನಿಮ್ಮ ಅಕೌಂಟು ಬೇರೆಯವರ ಕೈಗೆ ಸಿಕ್ಕೀತು" ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವಳು ನೇತ್ರಾವತಿ. ಚನ್ನಗಿರಿ ಬಸ್‌ಸ್ಟ್ಯಾಂಡ್ ಪಕ್ಕದ ಆನ್‌ಲೈನ್ ಸೆಂಟರಿನಲ್ಲಿ ಅವಳ ಕೆಲಸ. ಪಹಣಿ, ಆಧಾರ್, ಪರೀಕ್ಷೆಯ ರಿಸಲ್ಟು, ಯಾರು ಏನು ಕೇಳಿದರೂ ತೆಗೆದುಕೊಡುತ್ತಿದ್ದಳು. ಆ ಬುದ್ಧಿಮಾತನ್ನು ಅವಳು ರಂಗನಾಥನೊಬ್ಬನಿಗೆ ಹೇಳಲಿಲ್ಲ.

ರಂಗನಾಥ್ ಗೋವಿನಕೋವಿಯವನು. ಎದುರು ಸಾಲಿನಲ್ಲೇ ಅವನ ಪಂಪ್‌ಸೆಟ್ ರಿಪೇರಿ ಅಂಗಡಿ. ಸರ್ಚಿನಲ್ಲಿ ಹೊಸದಾಗಿ ಬಂದ ಸೌಲಭ್ಯವನ್ನು ಅವನಿಗೆ ತೋರಿಸಿಕೊಟ್ಟದ್ದು ಇವಳೇ. ಒಂದು ಬೇರಿಂಗಿನ ಹೆಸರು ಹಾಕಿದರೆ ಸಾಕು, ನಾಲ್ಕಾರು ಅಂಗಡಿಗಳ ರೇಟು ಪಕ್ಕಪಕ್ಕದಲ್ಲಿ ಬಂದು ನಿಲ್ಲುತ್ತಿತ್ತು. ಅದರ ಕೆಳಗೆ 'ನಿಮಗಾಗಿ' ಎಂಬ ಸಾಲು. ಹಿಂದೆ ನೋಡಿದ್ದನ್ನೆಲ್ಲ ನೆನಪಿಟ್ಟುಕೊಂಡು, ಇದು ಬೇಕಾದೀತು ಅನ್ನಿಸಿದ್ದನ್ನು ತಂದಿಡುವ ಸಾಲು. ಅವನು ಬಗ್ಗಿ ನೋಡುವಾಗ ಅಂಗಿಯಿಂದ ಗ್ರೀಸಿನ ವಾಸನೆ ಬರುತ್ತಿತ್ತು. ಆ ವಾಸನೆಯೂ ಹಿತವೆನಿಸುವಷ್ಟು ಹಾಳಾಗಿದ್ದಳು ಹುಡುಗಿ.

ಫೋನಿನಲ್ಲಿ ಅಕ್ಷರಗಳು ಸಣ್ಣಗೆ ಕಾಣುತ್ತವೆ ಎಂದು ಅವಳ ಕಂಪ್ಯೂಟರಿನಲ್ಲೇ ಅವನು ತನ್ನ ಅಕೌಂಟು ತೆರೆದ. ಕೆಲಸ ಮುಗಿದ ಮೇಲೆ ಎದ್ದು ನಿಂತು, "ಹಂಗೇ ಇರ್ಲಿ ಬಿಡ್ರಿ ಮೇಡಂ, ನಾಳೆ ಮತ್ತೆ ಬರಾಕೆ ಬೇಕಲ್ಲ" ಎಂದು ನಕ್ಕ.

ಇರಲಿ ಬಿಟ್ಟಳು. ಸ್ಕ್ರೀನಿನ ಮೂಲೆಯಲ್ಲಿ ಅವನ ಹೆಸರಿನ ಮೊದಲ ಅಕ್ಷರ ಕುಂಕುಮದ ಬೊಟ್ಟಿನ ಹಾಗೆ ದುಂಡಗೆ ಕೂತಿತ್ತು. ಬೆಳಿಗ್ಗೆ ಬಂದು ಕಂಪ್ಯೂಟರ್ ಆನ್ ಮಾಡಿದರೆ ಮೊದಲು ನೋಡುವುದು ಅದನ್ನೇ.

ಒಂದು ದಿನ ಪ್ರಿಂಟು ತೆಗೆದುಕೊಳ್ಳುವಾಗ ಅವನ ಕಣ್ಣು ಅವಳ ಮುಂಗೈ ಮೇಲೆ ನಿಂತಿತು. ತೆಗೆಯುತ್ತಾನೇನೋ ಅಂದರೆ ತೆಗೆಯಲಿಲ್ಲ.

"ನೀವು ಯಾವ ಸೈಜಿನ ಬಳೆ ಹಾಕ್ತೀರಿ?"

"ಎರಡು ನಾಲ್ಕು. ಯಾಕ್ರೀ?"

"ಸುಮ್ನೆ ಕೇಳ್ದೆ" ಎಂದವನ ಕಿವಿ ಕೆಂಪಾಗಿತ್ತು. ಹೋಗುವಾಗ ಮೆಟ್ಟಿಲ ಬಳಿ ಒಮ್ಮೆ ತಿರುಗಿಯೂ ನೋಡಿದ.

ಅಷ್ಟು ಸಾಕಾಯಿತು. ಮಧ್ಯಾಹ್ನ ಸೆಂಟರ್ ಖಾಲಿಯಾದಾಗ, ಎದುರಿಗೆ ಯಾವ ಪುಟ ತೆರೆದಿತ್ತೋ ಅದರಲ್ಲೇ, ಹಸಿರು ಕಲ್ಲಿನ ಬಳೆ ಎಂದು ಹುಡುಕಿದಳು. ಎರಡು ನಾಲ್ಕರಲ್ಲಿ ಒಂದು ಜೊತೆ ಕಣ್ಣಿಗೆ ಹಿಡಿಸಿತು. ಅಷ್ಟರಲ್ಲಿ ಯಾರೋ ಪಹಣಿಗೆ ಬಂದರು, ಮುಚ್ಚಿ ಮರೆತಳು.

ಮೂರು ದಿನ ಬಿಟ್ಟು ನೋಡುತ್ತಾಳೆ, ಅವನ 'ನಿಮಗಾಗಿ' ಸಾಲಿನಲ್ಲಿ ಬೇರಿಂಗು, ವಾಷರುಗಳ ನಡುವೆ ಅದೇ ಹಸಿರು ಕಲ್ಲಿನ ಬಳೆ. ಅದೂ ಎರಡು ನಾಲ್ಕರದ್ದು, ನಾಲ್ಕು ಅಂಗಡಿಯ ರೇಟಿನ ಸಮೇತ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆದರೆ ಆ ವೈದ್ಯ ಯಾರು ಎಂದು ಕೇಳುವ ಬುದ್ಧಿ ಬರಬೇಕಲ್ಲ! ಇವನೇ ನನಗಾಗಿ ಹುಡುಕುತ್ತಿದ್ದಾನೆ ಅಂದುಕೊಂಡಳು. ದಿನಾ ಮಧ್ಯಾಹ್ನ ತೆರೆದು ನೋಡಿದಳು. ಇವಳು ಒತ್ತಿದಷ್ಟೂ ಅದು ಬಳೆ ತಂದು ಸುರಿಯಿತು.

ಅದೇ ವಾರ ಹೊನ್ನಾಳಿಯಿಂದ ಸಂಬಂಧ ಬಂದಿತ್ತು. ವಿನಯ್ ಕುಮಾರ್ ಎಂಬ ಲೈನ್‌ಮನ್, ಮೃದು ಮಾತಿನ ಹುಡುಗ. ಸೋಮವಾರದೊಳಗೆ ಒಂದು ಮಾತು ಹೇಳಿ ಅಂದಿದ್ದರು. ತಾಯಿ ಅಜ್ಜಮ್ಮ, ಇಂಥ ಮನೆ ಮತ್ತೆ ಸಿಗಲ್ಲ ಎಂದು ಮೂರು ದಿನ ಬೆನ್ನು ಹತ್ತಿದರು. ಆ ಸೋಮವಾರ ಬೆಳಿಗ್ಗೆ ಸ್ಕ್ರೀನಿನಲ್ಲಿ ಹಸಿರು ಬಳೆಯ ಕೆಳಗೆ 'ಆರ್ಡರ್ ಆಗಿದೆ' ಎಂಬ ಹೊಸ ಸಾಲು ಕಂಡಿತು. ನೇತ್ರಾವತಿ ಅಲ್ಲಿಂದಲೇ ತಾಯಿಗೆ ಫೋನ್ ಮಾಡಿ, ಹೊನ್ನಾಳಿಯವರಿಗೆ ಬೇಡ ಅಂದುಬಿಡು ಎಂದಳು. ತಿಂಗಳೊಳಗೆ ವಿನಯ್ ಕುಮಾರನಿಗೆ ಬೇರೆ ಕಡೆ ನಿಶ್ಚಯವಾಯಿತು. ಅಜ್ಜಮ್ಮ ಮಗಳೊಂದಿಗೆ ಮಾತು ಬಿಟ್ಟರು. ಇವಳು ಮಾತ್ರ ಬಳೆಯ ದಾರಿ ಕಾಯುತ್ತಾ ಕೂತಳು. ರಂಗನಾಥ್ ಅಷ್ಟು ದಿನವೂ ಅಂಗಡಿ ಮುಚ್ಚಿ ಎಲ್ಲೆಲ್ಲೋ ಓಡಾಡುತ್ತಿದ್ದ.

ಕಡೆಗೊಂದು ದಿನ ಬಂದ. ಕೈಯಲ್ಲಿ ರಟ್ಟಿನ ಡಬ್ಬಿ. ಅವಳಿಗೆ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ. ಬಲಗೈಯ ಹಳೇ ಬಳೆಗಳನ್ನು ಮೇಜಿನ ಕೆಳಗೆ ಮೆಲ್ಲಗೆ ಕಳಚಿ ಕೀಬೋರ್ಡಿನ ಪಕ್ಕ ಇಟ್ಟಳು.

ಡಬ್ಬಿಯ ಮೇಲೆ ಒಂದು ಲಗ್ನಪತ್ರಿಕೆ ಇಟ್ಟು ಅವನು ಕೂತ. ಹುಡುಗಿ ಜಗಳೂರಿನವಳು, ಮನೆಯವರೇ ನೋಡಿದ್ದು ಅಂದ. ಹುಡುಗಿಗೆ ಬಳೆ ಕೊಡುವ ಶಾಸ್ತ್ರವಿತ್ತಂತೆ, ಹೆಂಗಸರ ಸೈಜು ತನಗೇನು ಗೊತ್ತು, ಅದಕ್ಕೇ ಅವತ್ತು ಇವಳನ್ನು ಕೇಳಿದ್ದಂತೆ. ಆದರೆ ಆ ಹುಡುಗಿಯ ಕೈಗೆ ಇದು ಗಿಣ್ಣನ್ನೇ ದಾಟಲಿಲ್ಲವಂತೆ, ಎಲ್ಲರೂ ನಕ್ಕರಂತೆ.

"ನಾನು ಹುಡುಕಿದ್ದೇ ಅಲ್ಲ ರೀ ಇದು" ಅಂದ. "ಬೇರಿಂಗ್ ನೋಡಾಕೆ ಹೋದ್ರೆ ಫೋನ್‌ನಾಗೆ ದಿನಾ ಇದೇ ಬಳೆ. ದೇವ್ರೇ ತೋರ್ಸಾಕೆ ಹತ್ತ್ಯಾನೆ ಅನ್ಕೊಂಡು ತಗೊಂಡ್ಬಿಟ್ಟೆ. ಬದ್ಲಿ ಮಾಡಿಕೊಡ್ರಿ."

ನೇತ್ರಾವತಿ ಮೂಲೆಯ ಆ ದುಂಡು ಅಕ್ಷರವನ್ನು ಒತ್ತಿ, ಹಿಂದೆ ಹುಡುಕಿದ್ದರ, ನೋಡಿದ್ದರ ಪಟ್ಟಿ ತೆಗೆದಳು. ಹಸಿರು ಕಲ್ಲಿನ ಬಳೆ, ಎರಡು ನಾಲ್ಕು. ಹಸಿರು ಕಲ್ಲಿನ ಬಳೆ, ಎರಡು ನಾಲ್ಕು. ಪ್ರತಿಯೊಂದೂ ಮಧ್ಯಾಹ್ನದ್ದು, ಸೆಂಟರ್ ಖಾಲಿ ಇದ್ದ ಹೊತ್ತಿನದ್ದು. ತಾನೇ ಬರೆದ ಕಾಗದವನ್ನು ಅವನದೆಂದು ಓದಿಕೊಂಡು ಕುಣಿದಿದ್ದಳು. ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

"ಅದು ದೇವ್ರು ಅಲ್ಲ ರೀ" ಎಂದಳು. "ನಿಮ್ಮ ಅಕೌಂಟ್‌ನಾಗೆ ದಿನಾ ನೋಡ್ತಿದ್ದೋಳು ನಾನು."

"ನೀವು ಯಾಕೆ…"

"ಎರಡು ನಾಲ್ಕು ನನ್ನ ಸೈಜು."

ಅವನು ಅವಳ ಬರಿದಾದ ಬಲಗೈ ನೋಡಿದ. ಆಮೇಲೆ ಕೀಬೋರ್ಡಿನ ಪಕ್ಕದಲ್ಲಿದ್ದ ಹಳೇ ಬಳೆಗಳನ್ನೂ ನೋಡಿದ. ಅರ್ಥವಾದ ಮೇಲೆ ತಲೆ ಎತ್ತಲಿಲ್ಲ. ಹೊರಗೆ ದಾವಣಗೆರೆ ಬಸ್ಸಿನ ಕಂಡಕ್ಟರು ಕೂಗುತ್ತಿದ್ದ.

"ಕಾರ್ಡು ಹಂಚಿ ಆಗೈತೆ" ಎಂದ ಕೊನೆಗೆ. ಅವಳು ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಿತ್ತು ಅದು. ಡಬ್ಬಿಯನ್ನು ಅವಳ ಕಡೆಗೆ ಸ್ವಲ್ಪ ಸರಿಸಿ, ಬೇಕಾದರೆ ನೀವೇ ಇಟ್ಟುಕೊಳ್ಳಿ ಎಂದು ಗೊಣಗಿದ.

"ಇನ್ನೊಬ್ಬಳ ಹೆಸ್ರಲ್ಲಿ ತಂದ ಬಳೆ ತೊಡಾಕೆ ಬರಲ್ಲ ರೀ. ಆಕೆ ಸೈಜು ಹೇಳ್ರಿ."

"ಎರಡು ಆರು."

ಬದಲಿ ಮಾಡುವ ಪುಟ ಕಾರಣ ಕೇಳಿತು. 'ಅಳತೆ ತಪ್ಪಾಗಿದೆ' ಎಂಬುದನ್ನು ಒತ್ತಿದಳು. ಆಮೇಲೆ ನಾಲ್ಕನ್ನು ಅಳಿಸಿ, ಆರು ಎಂದು ಬರೆದಳು. ದಿನವಿಡೀ ಊರಿನವರ ಅರ್ಜಿ ತುಂಬಿದ ಕೈ ಅದು. ಆರ್ಡರ್ ಆದದ್ದನ್ನು ಅವನಿಗೆ ತೋರಿಸಿ, ಸ್ಕ್ರೀನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಇವತ್ತು ಸೈನ್ ಔಟ್ ಮಾಡ್ತೀನಿ ರೀ" ಎಂದಳು, ಮತ್ತು ಮಾಡಿದಳು.